ಬೆಲ್ಲಕ್ಕೆ ನಾನು ಹಾಕಿದ ಬಣ್ಣ

ಹೊನ್ನಿನ ಬಣ್ಣದ ಬೆಲ್ಲ ಕಂಡರೆ ನನಗೀಗ ವಾಕರಿಕೆ ಬರುತ್ತದೆ. ಅಂಗಡಿಯಲ್ಲಿ ಕಂಡರೂ ಅಷ್ಟೇ, ಡಬ್ಬಿಯ ಮೇಲಿನ ಚಿತ್ರದಲ್ಲಿ ಕಂಡರೂ ಅಷ್ಟೇ. ಎಲ್ಲಕ್ಕಿಂತ ಹೆಚ್ಚು ಬರುವುದು ನನ್ನದೇ ಫೋನಿನಲ್ಲಿ, ನಾನೇ ಮಾಡಿದ ನಲವತ್ತೈದು ಸೆಕೆಂಡಿನ ಚಿತ್ರದಲ್ಲಿ ಕಂಡಾಗ. ಅದನ್ನು ಅಳಿಸಿಲ್ಲ. ಅಳಿಸಿ ಪ್ರಯೋಜನವೂ ಇಲ್ಲ, ಅದು ನನ್ನ ಕೈತಪ್ಪಿ ಬಹಳ ದಿನವಾಯಿತು.

ಚಿಕ್ಕೋಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಸೀರೆ ಅಂಗಡಿ, ಹಲ್ಲಿನ ದವಾಖಾನೆ, ಹೊಸದಾಗಿ ತೆರೆದ ಖಾನಾವಳಿ, ಯಾರು ಕರೆದರೂ ಹೋಗಿ ಫೋನಿನಲ್ಲೇ ಒಂದು ನಿಮಿಷದೊಳಗಿನ ಚಿತ್ರ ಮಾಡಿಕೊಡುತ್ತೇನೆ. ಹೋದ ಚಳಿಗಾಲದಲ್ಲಿ ನಿಪ್ಪಾಣಿ ಕಡೆಯ ಒಬ್ಬ ವ್ಯಾಪಾರಿ ಬಂದ. ಕೊಗನೊಳ್ಳಿ ಹತ್ತಿರ ಹೆದ್ದಾರಿ ಬದಿಗೆ ಅವನ ಪ್ಯಾಕಿಂಗ್ ಶೆಡ್ಡು. ಹಳ್ಳಿಗಳಿಂದ ಬೆಲ್ಲ ಕೊಂಡು, ಚಂದದ ರಟ್ಟಿನ ಡಬ್ಬಿಗೆ ತುಂಬಿ, ದೊಡ್ಡ ಊರುಗಳಿಗೆ ಆನ್‌ಲೈನಿನಲ್ಲಿ ಮಾರುತ್ತಾನೆ. ಅವನಿಗೆ ಬಣ್ಣ ಬೆಳ್ಳಗೆ ಮಾಡುವ ಪೌಡರ್ ಹಾಕದ ಬೆಲ್ಲದ ಚಿತ್ರ ಬೇಕಿತ್ತು. ಮೊದಲ ಮೂರು ಸೆಕೆಂಡಿನಲ್ಲೇ ನೋಡುವವರ ಬೆರಳು ನಿಲ್ಲಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ದಂಡ ಎಂದು ನನಗೇ ಪಾಠ ಹೇಳಿದ. ಈ ಮಾತನ್ನು ನಾನೇ ಎಷ್ಟೋ ಅಂಗಡಿಕಾರರಿಗೆ ಹೇಳಿದ್ದೇನೆ. ಬೇರೆಯವರ ಬಾಯಲ್ಲಿ ಕೇಳಿದಾಗ ಅದೆಷ್ಟು ಅಸಹ್ಯ ಎಂದು ಗೊತ್ತಾಯಿತು. ಆದರೂ ಕೆಲಸ ಒಪ್ಪಿಕೊಂಡೆ.

ಅವನು ಕಳಿಸಿದ್ದು ಶೇಡಬಾಳದ ಆಚೆ, ಕಬ್ಬಿನ ನಡುವೆ ಇರುವ ಒಂದು ಗಾಣಕ್ಕೆ. ನಡೆಸುವವರು ಎಪ್ಪತ್ತರ ಹತ್ತಿರದ ಜೈನ ರೈತರು. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿ ಕಾಕು. ಸುತ್ತಲಿನ ಗಾಣಗಳು ಹಂಗಾಮಿನಲ್ಲಿ ಹಗಲು ರಾತ್ರಿ ಉರಿಯುತ್ತವೆ. ಇವರದು ಹೊತ್ತು ಹುಟ್ಟಿದ ಮೇಲೆ ಹೊತ್ತಿ, ಹೊತ್ತು ಮುಳುಗುವ ಮುಂಚೆ ಆರುತ್ತಿತ್ತು. ಕತ್ತಲಲ್ಲಿ ಬೆಂಕಿ ಉರಿದರೆ ಹುಳಹುಪ್ಪಡಿ ಬೆಳಕಿಗೆ ಬಂದು ಕುದಿಯುವ ಹಾಲಿಗೆ ಬಿದ್ದು ಸಾಯುತ್ತವೆ, ಅದು ನಮಗೆ ಬೇಡ ಎಂಬುದು ಅವರ ತಂದೆಯ ಕಾಲದ ಕಟ್ಟಳೆ. ಕಬ್ಬಿನ ರಸಕ್ಕೆ ಅಲ್ಲಿ ಹಾಲು ಅನ್ನುತ್ತಾರೆ. ಆ ಹಾಲನ್ನೂ ದಪ್ಪ ಬಿಳಿ ಅರಿವೆಯಲ್ಲಿ ಎರಡು ಸಲ ಗಾಳಿಸಿಯೇ ಕೊಪ್ಪರಿಗೆಗೆ ಬಿಡುತ್ತಿದ್ದರು. ಹೀಗಾಗಿ ದಿನಕ್ಕೆ ಮೂರೇ ಕೊಪ್ಪರಿಗೆ. ಬೆಲ್ಲ ಬೆಳ್ಳಗಾಗಲೆಂದು ಎಲ್ಲರೂ ಹಾಕುವ ಬಿಳಿ ಪೌಡರ್ ಆ ಅಂಗಳಕ್ಕೆ ಬಂದದ್ದೇ ಇಲ್ಲ. ಹೊಲಸು ತೆಗೆಯಲು ಜಜ್ಜಿದ ಬೆಂಡಿ ಗಿಡದ ಲೋಳೆ, ಚಿಟಿಕೆ ಸುಣ್ಣ, ಅಷ್ಟೇ.

ಮೊದಲ ದಿನ ಇಡೀ ದಂಡವಾಯಿತು. ಕೊಪ್ಪರಿಗೆಯ ಹಬೆ ಲೆನ್ಸಿನ ಮೇಲೆ ಕೂತು ಎಲ್ಲ ಮಸುಕು. ಒರೆಸಿದರೆ ಅಂಟು, ಅಂಟಿನ ಮೇಲೆ ನೊಣ. ಕಬ್ಬಿನ ಗಳಕ್ಕೆ ಫೋನನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಕೊಪ್ಪರಿಗೆಯ ಮೇಲೆ ಚಾಚಿದೆ, ಎರಡು ನಿಮಿಷಕ್ಕೆ ಫೋನು ಕಾದು ತಾನಾಗಿ ಬಂದ್ ಆಯಿತು. ಗಾಣದ ಎಂಜಿನ್ ಸದ್ದಿನಲ್ಲಿ ಬೇರೆ ಯಾವ ಸದ್ದೂ ದಾಖಲಾಗಲಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಹಬೆ ಬಂಗಾರದ ಹಾಗೆ ಹೊಳೆಯುತ್ತದೆ, ಆಗ ತೆಗೆಯೋಣ ಎಂದು ಕಾದು ಕೂತೆ. ಓರೆ ಬಿಸಿಲು ಬಂತು, ಕಾಕಾ ಒಲೆ ಆರಿಸಿಬಿಟ್ಟರು. ಇನ್ನು ಹತ್ತೇ ನಿಮಿಷ ಎಂದು ಬೇಡಿಕೊಂಡೆ. ಅವರು ಊಟಕ್ಕೆ ಕರೆದರು. ಹೊತ್ತು ಮುಳುಗಿದರೆ ಅದೂ ಇಲ್ಲ ಎಂದು ಕಾಕು ನಕ್ಕರು.

ಮರುದಿನ ಬುದ್ಧಿ ಬಂತು. ಫೋನನ್ನು ಮೊದಲೇ ಕಾಲು ಗಂಟೆ ಒಲೆಯ ಹತ್ತಿರದ ಸೆಕೆಯಲ್ಲಿ ಇಟ್ಟೆ. ಬೆಚ್ಚಗಿರುವ ಗಾಜಿನ ಮೇಲೆ ಹಬೆ ಕೂರುವುದಿಲ್ಲ. ಹಿಂಬದಿಗೆ ಒದ್ದೆ ಬಟ್ಟೆ ಸುತ್ತಿ, ಒಂದು ಸಲಕ್ಕೆ ಇಪ್ಪತ್ತು ಸೆಕೆಂಡ್ ಮಾತ್ರ ಕೊಪ್ಪರಿಗೆಯ ಮೇಲೆ ಚಾಚಿ ಹಿಂದಕ್ಕೆಳೆದೆ. ಎಂಜಿನ್ ನಿಂತಿದ್ದಾಗ ಕುದಿಯುವ ಸದ್ದು, ಹುಟ್ಟು ಆಡಿಸುವ ಸದ್ದು ಬೇರೆಯಾಗಿ ಹಿಡಿದೆ. ಕಾಕಾ ಒಂದು ಕಣ್ಣಿನ ಪೊರೆ ತೆಗೆಸಬೇಕಾದವರು, ಹದವನ್ನು ನೋಡುವುದಕ್ಕಿಂತ ಕೇಳುತ್ತಿದ್ದರು. ಕುದಿಯ ಸದ್ದು ಮಂದವಾದಾಗ ಬೆರಳಿಗೆ ತಣ್ಣೀರು ಹಚ್ಚಿಕೊಂಡು ಪಾಕ ಚಿವುಟಿ, ನೀರಿನ ತಂಬಿಗೆಯಲ್ಲಿ ಅದ್ದಿ, ಉಂಡೆ ಮಾಡಿ ಕೊಪ್ಪರಿಗೆಯ ಅಂಚಿಗೆ ಹೊಡೆಯುವರು. ಟಣ್ ಎಂದರೆ ಇಳಿಸು ಎಂದರ್ಥ. ಆ ಟಣ್ ಸದ್ದು ಹಿಡಿದಾಗ ನನಗೆ ಖುಷಿಯಾಯಿತು. ಇಡೀ ಕೆಲಸದಲ್ಲಿ ನಾನು ಹೆಮ್ಮೆ ಪಡಬಹುದಾದದ್ದು ಅದೊಂದೇ.

ಉಳಿದದ್ದು ಬಣ್ಣದ ಮಾತು. ಅವರ ಬೆಲ್ಲ ಕಂದು, ಹುಣಸೆಹಣ್ಣಿಗೆ ಹತ್ತಿರ. ಕೈಯಲ್ಲಿ ಹಿಡಿದರೆ ಚಂದ, ತಿಂದರೆ ಇನ್ನೂ ಚಂದ, ಫೋನಿನ ಪರದೆಯ ಮೇಲೆ ಮಾತ್ರ ಮಣ್ಣಿನ ಹೆಂಟೆ. ವ್ಯಾಪಾರಿಗೆ ಕಚ್ಚಾ ಪ್ರತಿ ಕಳಿಸಿದೆ. ಎಲ್ಲ ಚಲೋ ಐತಿ, ಬೆಲ್ಲ ಸ್ವಲ್ಪ ಡಲ್ ಐತಿ, ಏನಾದರೂ ಮಾಡಿ ಎಂದ. ಏನಾದರೂ ಮಾಡುವುದೇ ನನ್ನ ಕಸುಬು. ಎಡಿಟಿಂಗಿನಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಗೆರೆ ಇರುತ್ತದೆ, ಬೆರಳಲ್ಲಿ ಜರುಗಿಸುವುದು. ಕಿತ್ತಳೆಯ ಗೆರೆ ಹಿಡಿದು ಅದರ ಬೆಳಕು ಏರಿಸಿದೆ, ಹಳದಿಯತ್ತ ಚೂರು ವಾಲಿಸಿದೆ. ಹುಣಸೆಹಣ್ಣು ಹೊನ್ನಾಯಿತು. ಸತ್ಯ ಹೇಳಬೇಕೆಂದರೆ ಆಗ ನನಗೆ ಒಂದಿಷ್ಟೂ ಅಳುಕಾಗಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಚಿತ್ರವನ್ನು ಕಾಕು ಫೋನಿಗೂ ಕಳಿಸಿದ್ದೆ. ಅವರು ನಗುತ್ತ ಫೋನ್ ಮಾಡಿದರು.

"ಅಲ್ಲ ತಂಗಿ, ಇವರ ಕೈ ಇಷ್ಟ ಬೆಳ್ಳಗ ನಮ್ಮ ಲಗ್ನದಾಗೂ ಇರ್ಲಿಲ್ಲ."

ಕಿತ್ತಳೆಯ ಗೆರೆ ಜರುಗಿಸಿದರೆ ಮನುಷ್ಯರ ಚರ್ಮವೂ ಅದರ ಜೊತೆ ಬೆಳ್ಳಗಾಗುತ್ತದೆ. ಒಲೆಯ ಮುಂದೆ ಆಯುಷ್ಯ ಕಳೆದ ಆ ಕಪ್ಪು ಕೈಗಳು ನನ್ನ ಚಿತ್ರದಲ್ಲಿ ಮದುಮಗನ ಕೈ ಆಗಿದ್ದವು. ನಾನೂ ನಕ್ಕೆ. ಇಡೀ ಗಾಣದಲ್ಲಿ ನನ್ನ ಸುಳ್ಳನ್ನು ಹಿಡಿದವರು ಅವರೊಬ್ಬರೇ, ಅದನ್ನು ನಾನು ಚೇಷ್ಟೆಯೆಂದು ಬಿಟ್ಟುಬಿಟ್ಟೆ.

ಚಿತ್ರ ಓಡಿತು. ವ್ಯಾಪಾರಿ ದಿನಕ್ಕೆರಡು ಸಲ ಫೋನ್ ಮಾಡಿ ಇಷ್ಟು ಜನ ನೋಡಿದರು, ಅಷ್ಟು ಜನ ಹಂಚಿದರು ಎಂದು ಲೆಕ್ಕ ಒಪ್ಪಿಸುತ್ತಿದ್ದ. ಎರಡು ವಾರ ಕಳೆದ ಮೇಲೆ ಅವನ ದನಿ ಬದಲಾಯಿತು. ಡಬ್ಬಿ ತೆರೆದವರು ಬೈಯತೊಡಗಿದ್ದರು. ಬೆಲ್ಲ ಸುಟ್ಟಿದೆ, ಹಳೆಯದು, ಮಣ್ಣು ಬೆರೆಸಿದ್ದಾರೆ ಎಂದು ಬರೆದು, ನನ್ನ ಚಿತ್ರದ ಒಂದು ತುಣುಕನ್ನೂ ತಮ್ಮ ಡಬ್ಬಿಯ ಬೆಲ್ಲವನ್ನೂ ಪಕ್ಕಪಕ್ಕ ಇಟ್ಟು ಫೋಟೋ ಹಾಕುತ್ತಿದ್ದರು. ಪೌಡರ್ ಹಾಕದ ಬೆಲ್ಲ ಬೇಕು ಎಂದು ಉಪದೇಶ ಮಾಡುವವರು ಇವರೇ, ಅದು ಬಂದರೆ ಮೂಗು ಮುರಿಯುವವರೂ ಇವರೇ. ಅವರ ಮೇಲೆ ನನಗೆ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅವರು ಕೇಳುತ್ತಿದ್ದದ್ದು ನಾನು ತೋರಿಸಿದ್ದನ್ನೇ ಅಲ್ಲವೇ.

ಇದರಲ್ಲಿ ನನ್ನ ಪಾಲಿನ ಮಾತೇನೂ ಇಲ್ಲ ಎಂಬಂತೆ ಇನ್ನೊಂದು ವಾರ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಕಾಕು ಮತ್ತೆ ಫೋನ್ ಮಾಡಿದರು. ಈ ಸಲ ನಗು ಇರಲಿಲ್ಲ. ಕಾಕಾ ಸರಿಯಾಗಿ ಉಣ್ಣುತ್ತಿಲ್ಲ, ಯಾರ ಜೊತೆಗೂ ಮಾತಿಲ್ಲ, ಸಾಧ್ಯವಾದರೆ ಒಮ್ಮೆ ಬಂದು ಹೋಗು ಎಂದರು. ಏನಾಗಿದೆ ಎಂದು ಕೇಳಿದೆ. ಅವರು ಎಲ್ಲ ಹೇಳಿದರು.

ವ್ಯಾಪಾರಿ ಗಾಣಕ್ಕೆ ಹೋಗಿ, ವಿಡಿಯೋದಲ್ಲಿ ಬಂದಂಥ ಬೆಲ್ಲವೇ ಬೇಕು, ಇಲ್ಲದಿದ್ದರೆ ಬೇರೆ ಗಾಣ ನೋಡಿಕೊಳ್ಳುತ್ತೇನೆ ಎಂದಿದ್ದ. ಅದಕ್ಕೆ ಕಾಕಾ ಜಗಳ ಆಡಿರಲಿಲ್ಲ. ಅವನ ಮಾತು ನ್ಯಾಯ ಎಂದೇ ತಿಳಿದಿದ್ದರು. ಚಿತ್ರ ತೆಗೆದ ದಿನ ತಮ್ಮ ಕೈಯಿಂದ ಹೊನ್ನಿನಂಥ ಬೆಲ್ಲ ಆಗಿತ್ತು, ಅದು ಹೇಗೆ ಆಯಿತೆಂಬುದು ತಮಗೆ ಮರೆತಿದೆ ಎಂದು ಅವರು ನಂಬಿದ್ದರು. ಪೆಂಟಿ ಅನ್ನುವ ಆವತ್ತಿನ ಬೆಲ್ಲದ ಅಚ್ಚುಗಳನ್ನು ವ್ಯಾಪಾರಿಯ ಗಾಡಿಯವರು ಬಿಸಿ ಆರುವ ಮುಂಚೆಯೇ ಕಾಗದ ಸುತ್ತಿ ಒಯ್ದಿದ್ದರು. ಹೋಲಿಸಿ ನೋಡಲು ಒಂದೂ ಉಳಿದಿರಲಿಲ್ಲ, ಉಳಿದದ್ದು ನನ್ನ ಚಿತ್ರ. ಬಣ್ಣ ಅಷ್ಟು ಇರಲಿಲ್ಲ ಎಂದು ಕಾಕು ಎಷ್ಟು ಹೇಳಿದರೂ ಕೇಳಿರಲಿಲ್ಲ. ನನ್ನ ಕಣ್ಣಿಗೆ ಪೊರೆ ಬಂದೈತಿ, ನಿನಗ ವಯಸ್ಸಾಗೈತಿ, ಫೋನು ಯಾಕ ಸುಳ್ಳು ಹೇಳೀತು ಎಂದಿದ್ದರಂತೆ.

ಆ ಬಣ್ಣಕ್ಕಾಗಿ ಅವರು ಮೂರು ಕೊಪ್ಪರಿಗೆ ಕೆಡಿಸಿದ್ದರು. ಮೊದಲನೆಯದನ್ನು ಬಣ್ಣ ಕಪ್ಪೇರುವ ಮುಂಚೆಯೇ ಒಲೆಯಿಂದ ಇಳಿಸಿದರು, ಅದು ಪೆಂಟಿ ಕಟ್ಟದೆ ಕಾಕಂಬಿಯ ಹಾಗೆ ಹರಿಯಿತು. ಎರಡನೆಯದಕ್ಕೆ ಸುಣ್ಣ ಹೆಚ್ಚು ಮಾಡಿದರು, ಬೆಲ್ಲ ಇನ್ನೂ ಕಪ್ಪಾಯಿತು. ಮೂರನೆಯದಕ್ಕೆ ಬೆಂಡಿ ಲೋಳೆ ದುಪ್ಪಟ್ಟು ಹಾಕಿದರು, ಅದು ಹಲ್ಲಿಗೆ ಅಂಟುವ ಗೋಂದು. ಕಬ್ಬಿನ ಪ್ಲಾಟು ಬದಲಿಸಿದರು, ಕೊಪ್ಪರಿಗೆಯನ್ನು ಮರಳು ಹಾಕಿ ತಿಕ್ಕಿಸಿದರು, ಬೆಂಡಿ ಗಿಡ ಬಾಡಿದ್ದು ತಂದಿದ್ದೀ ಎಂದು ಕಾಕು ಮೇಲೆ ರೇಗಿದರು. ಅರವತ್ತು ವರ್ಷ ಆ ಒಲೆಯ ಮುಂದೆ ನಿಂತ ಮನುಷ್ಯ ನನ್ನ ಬೆರಳು ಜರುಗಿಸಿದ ಒಂದು ಗೆರೆಯನ್ನು ಕೊಪ್ಪರಿಗೆಯ ತಳದಲ್ಲಿ ಹುಡುಕುತ್ತಿದ್ದರು. ನನ್ನ ಮೇಲೆ ನನಗೆ ಆವತ್ತು ಬಂದಷ್ಟು ಹೇಸಿಗೆ ಯಾವತ್ತೂ ಬಂದಿರಲಿಲ್ಲ.

ಕಾಕು ಕೊನೆಗೆ ಇನ್ನೊಂದು ಮಾತು ಹೇಳಿದರು. ವ್ಯಾಪಾರಿ ಹೋಗುವಾಗ ಒಂದು ಪೌಡರ್ ಪೊಟ್ಟಣ ಇಟ್ಟು ಹೋಗಿದ್ದಾನೆ. ಇಷ್ಟು ದಿನ ಅದು ಗೋಡೆಯ ಮಾಡದಲ್ಲೇ ಇತ್ತು, ಈ ಬೆಳಿಗ್ಗೆ ಕಾಕಾ ಅದನ್ನು ಕೆಳಗಿಳಿಸಿ ಒಲೆಯ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದಾರೆ.

ಹೊರಡುವ ಮುಂಚೆ ವ್ಯಾಪಾರಿಗೆ ಫೋನ್ ಮಾಡಿದೆ. ಆ ಬಣ್ಣ ಎಡಿಟಿಂಗಿನದು ಎಂದು ಅವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಸಿಟ್ಟಾಗಲಿಲ್ಲ. ಅವನು ಯಾವತ್ತೂ ಸಿಟ್ಟಾಗುವುದಿಲ್ಲ, ಅದೇ ಅವನಲ್ಲಿ ನನಗೆ ಎಲ್ಲಕ್ಕಿಂತ ಅಸಹ್ಯ.

"ಮೇಡಂ, ಬಣ್ಣಾ ಕೊಟ್ಟಾವರು ನೀವು. ನಾ ಬರೇ ಏನರ ಮಾಡ್ರಿ ಅಂದಿದ್ನಿ."

ಫೋನ್ ಇಟ್ಟೆ. ಗಾಡಿ ಹತ್ತಿ ಕೃಷ್ಣೆಯ ಸೇತುವೆ ದಾಟುವವರೆಗೂ ಅವನ ಮಾತು ಸುಳ್ಳೆಂದು ಸಾಧಿಸಲು ನೋಡಿದೆ, ಆಗಲಿಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡೆರಡು ಟ್ರಾಲಿ, ಓವರ್‌ಟೇಕ್ ಮಾಡಲು ಜಾಗವಿಲ್ಲ. ಕೊಪ್ಪರಿಗೆ ಕುದಿಯಲು ಎಷ್ಟು ಹೊತ್ತು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ನಾನು ಗಾಣ ಮುಟ್ಟಿದಾಗ ಕೊಪ್ಪರಿಗೆ ಉಕ್ಕುತ್ತಿತ್ತು. ಹೊಲಸು ಮೇಲೆ ತೇಲಿ ಬಂದಿತ್ತು, ಪೌಡರ್ ಹಾಕುವವರು ಹಾಕುವುದು ಆಗಲೇ. ಕಟ್ಟೆಯ ಮೇಲೆ ಪೊಟ್ಟಣ ಇತ್ತು, ಮೂಲೆ ಕತ್ತರಿಸಿತ್ತು, ಪಕ್ಕಕ್ಕೆ ಇನ್ನೂ ಅದ್ದದ ಒಂದು ಚಮಚ. ಕಾಕಾ ಉದ್ದನೆಯ ಜಾಲರಿಯಿಂದ ಹೊಲಸು ತೆಗೆಯುತ್ತಿದ್ದರು. ನನ್ನನ್ನು ಕಂಡು ಅವರ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ಆಸೆ. ಜಾಲರಿಯನ್ನು ಆಳಿನ ಕೈಗೆ ಕೊಟ್ಟು ಹತ್ತಿರ ಬಂದರು.

"ಆವತ್ತ ಈ ಕೊಪ್ಪರಿಗ್ಯಾಗ ಏನಾತು, ನೀ ನೋಡಿದ್ದಿ. ನನಗ ನೆನಪಾಗವಲ್ದು. ಹೇಳ ತಂಗಿ."

ಬಾಯಲ್ಲಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಾರು. ಆದ್ದರಿಂದ ಫೋನ್ ತೆಗೆದು ಎಡಿಟಿಂಗಿನ ಕಡತವನ್ನೇ ಬಿಚ್ಚಿದೆ. ಅವರ ಕೈ ಪೆಂಟಿಯನ್ನು ಬುಟ್ಟಿಗೆ ಇಡುವ ತುಣುಕು ಹುಡುಕಿ, ಅವರ ಬೆರಳನ್ನು ಹಿಡಿದು ಆ ಗೆರೆಯ ಮೇಲಿಟ್ಟು, ನಿಧಾನ ಎಡಕ್ಕೆ ಎಳೆಸಿದೆ. ಹೊನ್ನು ಇಳಿದು ಜೇನಿನ ಬಣ್ಣವಾಯಿತು, ಜೇನು ಇಳಿದು ಹುಣಸೆಯಾಯಿತು. ಬೆಲ್ಲದ ಜೊತೆಗೆ ಅದನ್ನು ಹಿಡಿದ ಕೈಯೂ ಕಪ್ಪಾಗುತ್ತ ಬಂತು. ಕಾಕಾ ತಮ್ಮ ಎಡಗೈಯನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದರು. ಎರಡೂ ಒಂದೇ ಬಣ್ಣವಾದ ಜಾಗದಲ್ಲಿ ಬೆರಳು ನಿಲ್ಲಿಸಿದರು.

"ಹಂಗಾರ ಆವತ್ತೂ ಬೆಲ್ಲ ಹಿಂಗs ಇತ್ತು?"

"ಹೌದ್ರಿ ಕಾಕಾ. ಹಿಂಗs ಇತ್ರಿ. ಆ ಬಣ್ಣಾ ನಾ ಹಾಕಿದ್ದು."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ತಮ್ಮ ಕೈಯನ್ನೇ ಮೇಲೆ ಕೆಳಗೆ ಮಾಡಿ ನೋಡಿಕೊಂಡರು.

"ನನ್ನ ಕೈ ಹೋತು ಅನಕೊಂಡಿದ್ನಿ," ಎಂದರು. ಕೊಪ್ಪರಿಗೆಯ ಕಡೆ ಹೋದರು.

ಕಾಕು ಒಳಗೆ ಹೋಗಿ ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟರು. ಅದನ್ನು ಕುಡಿಯುವುದು ಆ ದಿನದ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಕಾಕಾ ಬೆಂಡಿ ಲೋಳೆ ತರಿಸಿ ಮೊದಲಿನ ಅಳತೆಗೇ ಹಾಕಿದರು. ಪೊಟ್ಟಣದ ಕಡೆ ನೋಡಲಿಲ್ಲ.

ಆವತ್ತು ನಾನು ಇನ್ನೊಂದು ಚಿತ್ರ ತೆಗೆದೆ. ಯಾರೂ ಕೇಳಿರಲಿಲ್ಲ. ತೆಗೆಯಲೇ ಎಂದು ಕಾಕಾರನ್ನು ಕೇಳಿದಾಗ ಅವರು ಹೆಗಲು ಹಾರಿಸಿದರು, ಬೇಡ ಎನ್ನಲಿಲ್ಲ. ಹಾಲು ಗಾಳಿಸುವ ಬಿಳಿ ಅರಿವೆಯನ್ನು ಒಗೆದು ಒಣಹಾಕಿದ್ದರು. ಅದನ್ನೇ ಫೋನಿನ ಮುಂದೆ ಹಿಡಿಸಿ, ಅದು ಪರದೆಯ ಮೇಲೂ ಬೆಳ್ಳಗೇ ಕಾಣುವ ಹಾಗೆ ಬಣ್ಣವನ್ನು ಹೊಂದಿಸಿ, ಬೀಗ ಹಾಕಿದೆ. ಫೋನನ್ನು ಅದರ ಪಾಡಿಗೆ ಬಿಟ್ಟರೆ ಬೆಂಕಿ ಕಂಡಾಗೊಂದು, ಹಬೆ ಕಂಡಾಗೊಂದು ಬಣ್ಣ ತಾನೇ ಬದಲಿಸುತ್ತದೆ. ಬೀಗ ಹಾಕಿದರೆ ಬಿಳಿ ಬಿಳಿಯಾಗಿ, ಕಂದು ಕಂದಾಗಿ ಉಳಿಯುತ್ತದೆ. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು, ಮೊದಲ ಚಿತ್ರಕ್ಕೆ ಮಾಡಿರಲಿಲ್ಲ, ಅಷ್ಟೇ. ಅದೇ ಅರಿವೆಯ ಮೇಲೆ ಕಾಕಾ ಒಂದು ಹೊಸ ಪೆಂಟಿ ಇಟ್ಟರು. ಒಂದೇ ಶಾಟು, ಎಲ್ಲೂ ಕತ್ತರಿಸಲಿಲ್ಲ, ಸಂಗೀತ ಹಾಕಲಿಲ್ಲ. ಸ್ಟುಡಿಯೋಗೆ ಬಂದ ಮೇಲೆ ಆ ಚಿತ್ರದ ಮಧ್ಯದಲ್ಲಿ ಕಿತ್ತಳೆಯ ಗೆರೆಯನ್ನು ಏರಿಸಿ ಬೆಲ್ಲವನ್ನು ಏಳು ಸೆಕೆಂಡ್ ಹೊನ್ನು ಮಾಡಿ, ಮತ್ತೆ ಇಳಿಸಿ, ಮೊದಲು ನೀವು ನೋಡಿದ ಬಣ್ಣ ನಾನು ಹಾಕಿದ್ದು, ಬೆಲ್ಲದ್ದು ಇದು ಎಂದು ನನ್ನ ದನಿಯಲ್ಲೇ ಹೇಳಿದೆ. ವ್ಯಾಪಾರಿಗೆ ಕಳಿಸಿದೆ, ಅವನು ಹಾಕಲಿಲ್ಲ. ನನ್ನ ಸ್ಟುಡಿಯೋದ ಪುಟದಲ್ಲಿ ಹಾಕಿದೆ.

ನೋಡಿದವರು ಕಡಿಮೆ. ಅವರಲ್ಲೊಬ್ಬರು ಸೀರೆ ಅಂಗಡಿಯವರು, ನಮ್ಮ ಸೀರೆಗೂ ಹಿಂಗs ಮಾಡೀರೇನು ಎಂದು ಫೋನ್ ಮಾಡಿ ಕೇಳಿದರು. ಹೌದು ಎಂದೆ. ಗಾಬರಿಯಾಗುತ್ತಾರೆ ಎಂದುಕೊಂಡರೆ, ಹಾಗಾದರೆ ಹಬ್ಬದ ಸ್ಟಾಕಿಗೆ ಇನ್ನಷ್ಟು ಏರಿಸಿ ಎಂದರು. ವ್ಯಾಪಾರಿ ಬೇರೆ ಗಾಣ ಹುಡುಕಿಕೊಂಡ. ತಿಂಗಳ ನಂತರ ಅವನ ಹೊಸ ಚಿತ್ರವೊಂದು ನನ್ನ ಫೋನಿಗೂ ಬಂತು. ಅದರ ಮೊದಲ ಏಳು ಸೆಕೆಂಡು ನನಗೆ ಪರಿಚಯದವು. ಬಿಳಿ ಅರಿವೆ, ಕಾಕಾರ ಪೆಂಟಿ, ಹೊನ್ನಿನ ಬಣ್ಣ. ನನ್ನ ತಪ್ಪೊಪ್ಪಿಗೆಯ ನಡುವಿನಿಂದ ಅದೊಂದನ್ನೇ ಕತ್ತರಿಸಿಕೊಂಡಿದ್ದ, ಮೇಲೆ ಕೊಳಲಿನ ಸಂಗೀತ ಹಾಕಿದ್ದ. ಬೆರಳು ನಿಲ್ಲಿಸುವುದು ಹೇಗೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ತೆಗೆದುಹಾಕು ಎಂದು ಬರೆದೆ, ಕೈಮುಗಿದ ಇಮೋಜಿ ಕಳಿಸಿದ.

ಗಾಣದಿಂದ ಹೊರಟ ಆ ಸಂಜೆಯ ಒಂದು ಮಾತು ಉಳಿದಿದೆ. ಓರೆ ಬಿಸಿಲು ಬಿದ್ದಿತ್ತು, ಕಾಕಾ ಒಲೆ ಆರಿಸಿದ್ದರು. ನಾನು ಟ್ರೈಪಾಡ್ ಮಡಚಿ ಚೀಲಕ್ಕೆ ಹಾಕುತ್ತಿದ್ದೆ. ಅವರು ಬಂದು ಆ ಪೌಡರ್ ಪೊಟ್ಟಣವನ್ನು ಚೀಲದ ಪಕ್ಕ ಇಟ್ಟರು. ಕತ್ತರಿಸಿದ ಮೂಲೆಯನ್ನು ಮಡಚಿ ನೂಲು ಸುತ್ತಿ ಬಿಗಿಯಾಗಿ ಕಟ್ಟಿದ್ದರು. ದನಿಯಲ್ಲಿ ಚುಚ್ಚು ಇರಲಿಲ್ಲ, ದಾರಿಯಲ್ಲಿ ಬಿದ್ದ ವಸ್ತುವನ್ನು ಅದರ ಯಜಮಾನರಿಗೆ ಮುಟ್ಟಿಸುವವರ ಹಾಗೆ ಹೇಳಿದರು.

"ಇದ ನಮ್ಮ ಕೆಲಸದ್ದಲ್ಲ ತಂಗಿ, ನಿಮ್ಮ ಕೆಲಸದ್ದು. ನೀ ಒಯ್ಯಿ."

ಅದು ಈಗ ಸ್ಟುಡಿಯೋದ ಕಪಾಟಿನಲ್ಲಿ, ಫೋನಿನ ಲೈಟು ಮತ್ತು ಮೈಕಿನ ನಡುವೆ ಇದೆ. ಮೊನ್ನೆ ಸೀರೆ ಅಂಗಡಿಯವರು ಬಂದಾಗ ಅದೇನು ಎಂದು ಕೇಳಿದರು. ಬಣ್ಣ ಏರಿಸುವ ಸಾಮಾನು ಎಂದು ಹೇಳಿ ಅವರ ಸೀರೆಯ ಚಿತ್ರವನ್ನು ಎಡಿಟಿಂಗಿಗೆ ಬಿಚ್ಚಿದೆ.